ಹಾಲು ಸಾಲದು ಎಂದವರು ಯಾರು?

ಸಹೋದರಿಯರೇ, ನಮ್ಮ ಲಕ್ಷ್ಮೇಶ್ವರದ ಓಣಿಗಳಲ್ಲಿ ಯಾರ ಮನೆಯ ಎಮ್ಮೆ ಈದರೂ ಸುದ್ದಿ ಮುಚ್ಚಿಡಲಾಗುವುದಿಲ್ಲ. ಗಿಣ್ಣದ ಹಾಲಿಗೆ ಬೆಲ್ಲ, ಯಾಲಕ್ಕಿ ಹಾಕಿ ಕಾಯಿಸಿ ನಾಲ್ಕು ಮನೆಗೆ ಹಂಚದಿದ್ದರೆ ನೆರೆಯವರು ಮುನಿಸಿಕೊಳ್ಳುತ್ತಾರೆ. ಅದೇ ಮನೆಯಲ್ಲಿ ಸೊಸೆ ಹೆತ್ತಾಗ, ಅವಳ ಎದೆಯಲ್ಲಿ ಮೊದಲು ಇಳಿಯುವ ಹಳದಿ ಬಣ್ಣದ ಗಟ್ಟಿ ಹಾಲನ್ನು ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲಿಸುವ ಹಿರಿಯರು ಇನ್ನೂ ಇದ್ದಾರೆ. ಅದೂ ಗಿಣ್ಣವೇ. ರೋಗಗಳನ್ನು ತಡೆಯುವ ಶಕ್ತಿ ಕೂಸಿಗೆ ಸಿಗುವುದು ಅದರಿಂದಲೇ.

ಈಗ ಹೆರಿಗೆಗಳೆಲ್ಲ ಆಸ್ಪತ್ರೆಯಲ್ಲೇ ಆಗುತ್ತವೆ, ಇಂತಹ ರೂಢಿ ಎಲ್ಲಿ ಉಳಿದಿದೆ ಎಂದು ನೀವು ಕೇಳಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ. 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ನಡೆದಿದ್ದವು. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದು ಶೇ. 41.8ರಷ್ಟು ಮಕ್ಕಳಿಗೆ ಮಾತ್ರ. ಬಾಣಂತಿಯ ಜೊತೆಗೆ ನಮ್ಮ ರೂಢಿಯೂ ಆಸ್ಪತ್ರೆಗೆ ಹೋಗಿ ಮಂಚದ ಪಕ್ಕದಲ್ಲಿ ಕುಳಿತಿದೆ.

ಕೆಲವರು ತಹ್ನೀಕ್‌ನ ಹೆಸರು ಹೇಳುತ್ತಾರೆ. ಪ್ರವಾದಿ(ಸ)ರವರು ಖರ್ಜೂರವನ್ನು ಅಗಿದು ನವಜಾತ ಶಿಶುವಿನ ಅಂಗುಳಿಗೆ ಸವರುತ್ತಿದ್ದರೆಂಬುದು ಸಹೀಹ್ ಹದೀಸ್‌ಗಳಲ್ಲಿದೆ. ಅದು ಅಂಗುಳಿಗೆ ಸವರುವಷ್ಟೇ ಹೊರತು ಹೊಟ್ಟೆ ತುಂಬಿಸುವ ಆಹಾರವಲ್ಲ. ತಹ್ನೀಕ್‌ನ ನೆಪದಲ್ಲಿ ಮೂರು ದಿನ ಸಕ್ಕರೆ ನೀರು, ಜೇನುತುಪ್ಪ ನೆಕ್ಕಿಸುವುದು ಸುನ್ನತ್ ಅಲ್ಲ. ಜೇನುತುಪ್ಪವನ್ನಂತೂ ಒಂದು ವರ್ಷ ತುಂಬುವವರೆಗೆ ಕೊಡಲೇಬಾರದೆಂದು ವೈದ್ಯರು ಎಚ್ಚರಿಸುತ್ತಾರೆ.

ಇನ್ನು ‘ಹಾಲು ಸಾಲದು’ ಎಂಬ ಮಾತಿಗೆ ಬರೋಣ. ಹೆತ್ತ ಹೆಣ್ಣಿನ ಕಿವಿಗೆ ಮೊದಲ ವಾರದಲ್ಲಿ ಇದಕ್ಕಿಂತ ಹೆಚ್ಚಾಗಿ ಬೀಳುವ ಮಾತು ಬೇರೊಂದಿಲ್ಲ. ಮೊದಲ ದಿನ ಕೂಸಿಗೆ ಬೇಕಾಗುವುದು ಚಮಚದ ಲೆಕ್ಕದ ಹಾಲು. ತುಂಬು ಹಾಲು ಇಳಿಯಲು ಎರಡರಿಂದ ನಾಲ್ಕು ದಿನ ಹಿಡಿಯುತ್ತದೆ, ಸಿಸೇರಿಯನ್ ಆದವರಿಗೆ ಇನ್ನೂ ಸ್ವಲ್ಪ ತಡವಾಗಬಹುದು. ಕೂಸು ಎಷ್ಟು ಚೀಪುತ್ತದೆಯೋ ಅಷ್ಟು ಹಾಲು ಹುಟ್ಟುತ್ತದೆ. ರಾತ್ರಿಯ ಚೀಪುವಿಕೆಗೆ ಹಾಲು ಹೆಚ್ಚಿಸುವ ಗುಣ ಇನ್ನೂ ಹೆಚ್ಚು. ನಡುವೆ ಬಾಟಲಿ ಬಂದರೆ ಕೂಸಿನ ಹೊಟ್ಟೆ ತುಂಬಿ ಚೀಪುವುದು ಕಡಿಮೆಯಾಗುತ್ತದೆ, ಚೀಪುವುದು ಕಡಿಮೆಯಾದರೆ ಹಾಲೂ ಇಳಿಮುಖವಾಗುತ್ತದೆ. ಆಗ ‘ನೋಡು, ನಾನು ಹೇಳಲಿಲ್ಲವೇ’ ಎನ್ನುವವರ ಮಾತು ನಿಜವೆಂದೇ ತೋರುತ್ತದೆ. ಅತ್ತ ಮಾತ್ರಕ್ಕೆ ಹಾಲು ಸಾಲದೆಂದು ತಿಳಿಯಬೇಡಿ. ಮೊದಲ ವಾರದ ನಂತರ ಕೂಸು ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆ ಮಾಡುತ್ತಿದೆಯೇ, ತೂಕ ಏರುತ್ತಿದೆಯೇ ಎಂಬುದನ್ನು ನೋಡಿ. ತೂಕ ಏರದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಗೆ ಅಕೀಕಾದ ದಿನ ಹೋಗಿದ್ದೆ. ಹೆತ್ತು ಏಳೇ ದಿನ. ಕೂಸು ಒಬ್ಬರ ತೊಡೆಯಿಂದ ಇನ್ನೊಬ್ಬರ ತೊಡೆಗೆ ಹೋಗುತ್ತಲೇ ಇತ್ತು. ಅತ್ತಾಗ ಯಾರೋ ಬಾಟಲಿ ಬಾಯಿಗಿಟ್ಟರು. ಒಳಕೋಣೆಯಲ್ಲಿ ಆ ಹುಡುಗಿ ಹಾಲು ಕಟ್ಟಿಕೊಂಡ ಎದೆಯ ನೋವಿಗೆ ಹಲ್ಲು ಕಚ್ಚಿ ಕುಳಿತಿದ್ದಳು. ಹೊಲಿಗೆ ನೋಯುತ್ತಿತ್ತು, ಮಧ್ಯಾಹ್ನ ಮೂರಾದರೂ ಯಾರೂ ಅವಳಿಗೆ ಊಟ ಕೊಟ್ಟಿರಲಿಲ್ಲ. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ನೀರಿಗೂ ಕಡಿವಾಣ. “ಆಪಾ, ನನಗೆ ಹಾಲೇ ಬರೋದಿಲ್ಲಂತ” ಎಂದಳು. ‘ಅಂತ’ ಎಂಬ ಆ ಒಂದು ಮಾತನ್ನು ಗಮನಿಸಿ. ಅದು ಅವಳ ಅನುಭವವಲ್ಲ, ಅವಳ ಬಗ್ಗೆ ಮನೆಯವರು ಕೊಟ್ಟ ತೀರ್ಪು. ಅಂಟಿನ ಉಂಡಿ, ಹರೀರಾಗಳಿಗೆ ಸಾವಿರಾರು ರೂಪಾಯಿ ಸುರಿದ ಮನೆಯದು. ಅವಳಿಗೆ ಬೇಕಾಗಿದ್ದುದು ಒಂದು ತಂಬಿಗೆ ನೀರು, ಒಂದು ಊಟ, ಬಾಗಿಲು ಹಾಕಿದ ಕೋಣೆ ಮತ್ತು ಅವಳ ಕೂಸು.

ಎರಡು ವರ್ಷ ಹಾಲುಣಿಸುವ ಬಗ್ಗೆ ಪ್ರವಚನಗಳಲ್ಲಿ ತಾಯಂದಿರಿಗೆ ಧಾರಾಳವಾಗಿ ಉಪದೇಶಿಸಲಾಗುತ್ತದೆ. ಅಲ್‌ಬಕರಃ ಅಧ್ಯಾಯದ 233ನೆಯ ಆಯತ್ ಅಲ್ಲಿಗೇ ಮುಗಿಯುವುದಿಲ್ಲ. ಹಾಲುಣಿಸುವವಳ ಅನ್ನ, ಬಟ್ಟೆಗಳ ಹೊಣೆಯನ್ನು ಅದೇ ಆಯತ್ ತಂದೆಯ ಮೇಲೆ ಹೊರಿಸುತ್ತದೆ. ಮಗುವಿನ ಕಾರಣಕ್ಕೆ ತಾಯಿಯನ್ನು ಪೀಡಿಸಬಾರದು ಎನ್ನುತ್ತದೆ. ಬೇಗ ಹಾಲು ಬಿಡಿಸುವುದಿದ್ದರೆ ಇಬ್ಬರೂ ಸಮಾಲೋಚಿಸಿ ಒಪ್ಪಿರಬೇಕು ಎನ್ನುತ್ತದೆ. ಈ ಆಯತ್ ಇರುವುದು ತಲಾಕ್‌ನ ವಿಷಯದ ನಡುವೆ ಎಂಬುದನ್ನು ಮರೆಯಬಾರದು. ದಾಂಪತ್ಯ ಮುರಿದ ಮೇಲೂ ಹಾಲುಣಿಸುವವಳ ಊಟದ ಲೆಕ್ಕ ಗಂಡಸಿನ ಮೇಲಿದೆ ಎಂದಾದರೆ, ಒಂದೇ ಸೂರಿನಡಿ ಮಲಗಿರುವ ಗಂಡನ ಹೊಣೆ ಎಷ್ಟಿರಬೇಡ! ಈ ಪುಟವನ್ನು ನಿಮ್ಮ ಯಜಮಾನರಿಗೂ ಓದಿಸಿ.

ಬೇರೊಬ್ಬಳಿಂದ ಹಾಲುಣಿಸಲು ಅದೇ ಆಯತ್‌ನಲ್ಲಿ ಅನುಮತಿಯಿದೆ, ತಕ್ಕ ಪ್ರತಿಫಲ ಕೊಡಬೇಕೆಂಬ ಷರತ್ತಿನೊಂದಿಗೆ. ಸ್ವತಃ ಪ್ರವಾದಿ(ಸ)ರವರು ಹ. ಹಲೀಮಾ(ರ)ರ ಹಾಲು ಕುಡಿದು ಬೆಳೆದವರು. ಆದ್ದರಿಂದ ಕಾಯಿಲೆಯಿಂದಲೋ ಬೇರೆ ಕಾರಣದಿಂದಲೋ ನಿಜವಾಗಿಯೂ ಹಾಲು ಸಾಲದ ತಾಯಿಯನ್ನು ಹೀಯಾಳಿಸುವ ಹಕ್ಕು ಯಾರಿಗೂ ಇಲ್ಲ. ವೈದ್ಯರು ಹೇಳಿದರೆ ಡಬ್ಬಿಯ ಪುಡಿ ಕೊಡಬೇಕಾಗುತ್ತದೆ. ಆಗ ಡಬ್ಬಿ ಹೆಚ್ಚು ದಿನ ಬರಲೆಂದು ನೀರು ಹೆಚ್ಚಿಸಬೇಡಿ, ಕೂಸು ಸೊರಗುತ್ತದೆ. ಅಂದಹಾಗೆ, 1992ರ ಕಾನೂನಿನಿಂದಾಗಿ ಆ ಡಬ್ಬಿಯ ಮೇಲೆ ಮಗುವಿನ ಚಿತ್ರ ಹಾಕುವಂತಿಲ್ಲ, ತಾಯಿಯ ಹಾಲೇ ಶ್ರೇಷ್ಠ ಎಂದು ಬರೆಯಲೇಬೇಕು. ನೆರೆಮನೆಯವರು ಹೇಳದ ಸತ್ಯವನ್ನು ಡಬ್ಬಿಯೇ ಹೇಳುತ್ತದೆ!

ಕೆಲಸಕ್ಕೆ ಹೋಗುವ ತಾಯಂದಿರ ಕಷ್ಟ ಬೇರೆಯೇ. 2017ರ ಕಾನೂನು ತಿದ್ದುಪಡಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. ಬರೀ ಎದೆಹಾಲು ಕೊಡಬೇಕಾದ ಆರು ತಿಂಗಳಿಗೆ ಇದು ಸರಿಹೊಂದುತ್ತದೆ. ಆದರೆ ನಮ್ಮ ಸುತ್ತಿನ ಹೊಲಗಳಲ್ಲಿ ಶೇಂಗಾ ಕೀಳುವ, ಮೆಣಸಿನಕಾಯಿ ಬಿಡಿಸುವ ತಾಯಿಗೆ ಆ ರಜೆ ಕೊಡುವವರು ಯಾರು? ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವವರ ಮಕ್ಕಳಿಗಾಗಿ ರಾಜ್ಯ ಸರಕಾರ 2023ರಲ್ಲಿ ಗ್ರಾಮ ಪಂಚಾಯತ್‌ಗಳಲ್ಲಿ ‘ಕೂಸಿನ ಮನೆ’ಗಳನ್ನು ಘೋಷಿಸಿತು. ನಿಮ್ಮ ಪಂಚಾಯತ್‌ನಲ್ಲಿ ಅದು ನಡೆಯುತ್ತಿದೆಯೇ ಎಂದು ವಿಚಾರಿಸಿ, ಇಲ್ಲದಿದ್ದರೆ ಸದಸ್ಯರನ್ನು ಕೇಳಿ.

ಶಾಲೆ, ಕಚೇರಿಗೆ ಹೋಗುವವರು ಹೊರಡುವ ಮುಂಚೆ ಕೈ ತೊಳೆದು, ಕುದಿಸಿ ಆರಿಸಿದ ಸ್ಟೀಲ್ ವಾಟಿಗೆ ಹಾಲು ಹಿಂಡಿ ಮುಚ್ಚಿಡಬಹುದು. ತಂಪಾದ ಜಾಗದಲ್ಲಿ ನಾಲ್ಕು ಗಂಟೆಯ ತನಕ ಇರುತ್ತದೆ. ನಮ್ಮ ಬೇಸಿಗೆಯಲ್ಲಿ ಅಷ್ಟು ಹೊತ್ತು ಹೊರಗಿಡಬೇಡಿ, ಫ್ರಿಜ್‌ನಲ್ಲಿಡಿ. ಒಲೆಯ ಮೇಲೆ ಕಾಯಿಸದೆ, ಬಿಸಿನೀರಿನಲ್ಲಿ ವಾಟಿಯನ್ನಿಟ್ಟು ಬೆಚ್ಚಗೆ ಮಾಡಿದರೆ ಸಾಕು. ಕುಡಿಸಲು ಬಾಟಲಿ ಬೇಡ. ಅಜ್ಜಿಯ ಕಾಲದ ಒಳಲೆ ಮನೆಯ ಅಟ್ಟದಲ್ಲಿ ಇದ್ದರೆ ಇಳಿಸಿ ತೊಳೆದು ಕುದಿಸಿಡಿ, ಇಲ್ಲದಿದ್ದರೆ ಒಂದು ಸಣ್ಣ ಚಮಚ ಸಾಕು. ಕುಡಿಸುವ ಕೆಲಸವನ್ನು ಅತ್ತೆಯೂ ಮಾಡಬಹುದು, ಗಂಡನೂ ಮಾಡಬಹುದು.