ಎಣಿಕೆಯಲ್ಲಿ ಕಳೆದುಹೋಗುವ ಕೂಲಿ

ಮದ್ರಸದಲ್ಲಿ ಸೂರಃ ಅಲ್ ಮುತಫ್ಫಿಫೀನ್‌ನ ಪಾಠ ನಡೆಯುತ್ತಿತ್ತು. ಜನರಿಂದ ಪಡೆಯುವಾಗ ಪೂರ್ತಿ ಅಳೆದುಕೊಂಡು, ಕೊಡುವಾಗ ಕಡಿತ ಮಾಡುವವರಿಗೆ ಆ ಸೂರಃ ನೀಡುವ ಎಚ್ಚರಿಕೆಯನ್ನು ವಿವರಿಸುತ್ತಿದ್ದೆ. ಹಿಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಉಸ್ತಾದ್, ಉಮ್ಮ ನಲವತ್ತು ಕಟ್ಟು ಬೀಡಿ ಕೊಟ್ಟರು. ಪುಸ್ತಕದಲ್ಲಿ ಮೂವತ್ತಾರು ಎಂದು ಬರೆದಿದ್ದಾರೆ. ಇದೂ ಅದೇನಾ?”

ಹೌದು ಮಗಳೇ, ಇದೂ ಅದೇ.

ಕರಾವಳಿಯ ನಮ್ಮ ಅಸಂಖ್ಯಾತ ಮನೆಗಳಲ್ಲಿ ಅಕ್ಕಿ, ಔಷಧಿ, ಮಕ್ಕಳ ಶಾಲಾ ಶುಲ್ಕ ಎಲ್ಲವೂ ಬೀಡಿ ಕಟ್ಟುವ ಹೆಣ್ಣುಮಕ್ಕಳ ಬೆರಳುಗಳಿಂದಲೇ ಬಂದಿವೆ. ಕಟ್ಟೊಂದಕ್ಕೆ 25 ಬೀಡಿಗಳು, ಸಾವಿರಕ್ಕೆ 40 ಕಟ್ಟುಗಳು. ಕೂಲಿ ಸಿಗುವುದು ದಿನಕ್ಕಲ್ಲ, ಸಾವಿರಕ್ಕೆ. ಆದ್ದರಿಂದ ಈ ದುಡಿಮೆಯಲ್ಲಿ ಎಣಿಕೆಯೇ ಕೂಲಿ. ಎಣಿಕೆಯಲ್ಲಿ ಮೋಸವಾದರೆ ಕೂಲಿಯಲ್ಲೇ ಮೋಸವಾದಂತೆ.

ನಲವತ್ತರಲ್ಲಿ ನಾಲ್ಕು ಕಟ್ಟು ಹೋದರೆ ಏನು ಮಹಾ ನಷ್ಟ ಎನ್ನುವವರಿದ್ದಾರೆ. ಲೆಕ್ಕ ಹಾಕಿರಿ. ಅದು ಹತ್ತನೆಯ ಒಂದು ಪಾಲು. ಹತ್ತು ದಿನ ದುಡಿದವಳ ಒಂದು ದಿನ ಉಚಿತವಾಗಿ ಹೋಯಿತು. ಇದರ ಮೇಲೆ ಎಲೆಯ ತೂಕದ ಕೊರತೆಯೂ ಇದೆ. ಹರಿದ, ತೂತು ಬಿದ್ದ ಎಲೆಯನ್ನು ತೂಗಿ ಕೊಟ್ಟು ಸಾವಿರ ಬೀಡಿ ಬರಲೇಬೇಕೆಂದರೆ, ಆಕೆ ಕೈಯಿಂದ ಹಣ ಹಾಕಿ ಎಲೆ ಕೊಳ್ಳಬೇಕು. ಕೊಡುವಾಗ ಕಡಿಮೆ, ಪಡೆಯುವಾಗ ಪೂರ್ಣ! ಸೂರಃ ವಿವರಿಸಿದ ಚಿತ್ರ ಇದಲ್ಲದೆ ಇನ್ನೇನು?

“ಬೀಡಿ ಸರಿ ಇಲ್ಲದಿದ್ದರೆ ತೆಗೆಯಬಾರದೇ?” ಎಂದು ಗುತ್ತಿಗೆದಾರರು ಕೇಳಬಹುದು. ತೆಗೆಯಿರಿ. ಕೆಟ್ಟ ಬೀಡಿಯನ್ನು ಒಳ್ಳೆಯದರ ನಡುವೆ ಅಡಗಿಸುವುದು ಕಾರ್ಮಿಕಳಿಗೂ ಸಲ್ಲದು. ಅಮಾನತ್ ಇಬ್ಬರ ಮೇಲೂ ಇದೆ. ಆದರೆ ತೆಗೆದದ್ದನ್ನು ಆಕೆಯ ಕಣ್ಣೆದುರೇ ತೆಗೆಯಿರಿ, ಕಾರಣ ಹೇಳಿ ಹಿಂದಿರುಗಿಸಿರಿ. ಕೂಲಿ ಕೊಡಲು ಯೋಗ್ಯವಲ್ಲದ ಬೀಡಿ, ಇಟ್ಟುಕೊಳ್ಳಲು ಮಾತ್ರ ಯೋಗ್ಯವಾಗುವುದು ಹೇಗೆ? ತಂಬಾಕಿನ ಕುರಿತು ವಿದ್ವಾಂಸರ ಆಕ್ಷೇಪಗಳನ್ನು ನಾನು ಬಲ್ಲೆ. ಆದರೆ ಆ ಆಕ್ಷೇಪವು ಬಡವಳ ಕೂಲಿಯನ್ನು ಕಡಿಯಲು ಯಾರಿಗೂ ಪರವಾನಗಿಯಾಗದು.

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದು? ಸೂರಃ ಅಲ್ ಬಕರದ 282ನೆಯ ಸೂಕ್ತ. ಅದರ ವಿಷಯ ಸಾಲದ ವ್ಯವಹಾರವನ್ನು ಬರೆದಿಡುವುದು. ಬರೆಯುವವನು ನ್ಯಾಯದಿಂದ ಬರೆಯಬೇಕು, ಮೊತ್ತ ಸಣ್ಣದೆಂದು ಉದಾಸೀನ ಮಾಡಬಾರದು ಎಂಬ ಬೋಧನೆ ಅಲ್ಲಿದೆ. ಕೆಲಸ ಮುಗಿದು ಇನ್ನೂ ಕೈ ಸೇರದ ಕೂಲಿಯೂ ಸಾಲವೇ. ಕೆಲಸವನ್ನು ಪೂರ್ತಿ ಪಡೆದು ಕೂಲಿ ಕೊಡದವನ ವಿರುದ್ಧ ಪುನರುತ್ಥಾನದ ದಿನ ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂದು ಸಹೀಹ್ ಬುಖಾರಿಯ ಹದೀಸ್ ತಿಳಿಸುತ್ತದೆ. ಈ ಮೊಕದ್ದಮೆಯಲ್ಲಿ ಯಾವ ವಕೀಲನನ್ನು ನೇಮಿಸುವಿರಿ?

ದೇಶದ ಕಾನೂನೂ ಮೌನವಾಗಿರಲಿಲ್ಲ. ಮನೆಯಲ್ಲಿ ಕುಳಿತು ಬೀಡಿ ಕಟ್ಟುವವಳೂ ಕಾರ್ಮಿಕಳೇ ಎಂದು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಒಪ್ಪಿಕೊಂಡಿತು. ಆಕೆಗೆ ಭವಿಷ್ಯನಿಧಿಯ ಹಕ್ಕಿದೆಯೆಂದು 1985ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಪುಸ್ತಕದಲ್ಲಿ ಬರೆಯದ ದುಡಿಮೆಗೆ ಕೂಲಿಯೂ ಇಲ್ಲ, ನಿಧಿಯೂ ಇಲ್ಲ. ಇಂದು ಅಳಿಸಿದ ನಾಲ್ಕು ಕಟ್ಟು ನಾಳೆ ಆಕೆಯ ಮುಪ್ಪಿನ ಅನ್ನವನ್ನೂ ಕಸಿಯುತ್ತದೆ.

ನನ್ನ ಆಕ್ಷೇಪ ಗುತ್ತಿಗೆದಾರರ ಮೇಲಷ್ಟೇ ಅಲ್ಲ, ನಮ್ಮ ಮೇಲೂ ಇದೆ. ವರ್ಷವಿಡೀ ಕಡಿದ ಕೂಲಿಯಿಂದ ರಮಝಾನಿನಲ್ಲಿ ಕಿಟ್ ಹಂಚಿದವರಿಗೆ ನಾವು ವೇದಿಕೆಯಲ್ಲಿ ಶಾಲು ಹೊದಿಸುತ್ತೇವೆ. ಅವಳ ಹಕ್ಕನ್ನೇ ಅವಳಿಗೆ ದಾನವೆಂದು ಕೊಟ್ಟರೆ ಅದು ಸದಕವಾಗದು.

ಜಮಾಅತ್ ಸಮಿತಿಗಳು ಗುತ್ತಿಗೆದಾರರನ್ನು ಕರೆದು ಕೇಳಲಿ: ಎಲೆಯನ್ನು ಆಕೆಯೆದುರು ತೂಗಿ, ಕಟ್ಟುಗಳನ್ನು ಆಕೆಯೆದುರು ಎಣಿಸಿ, ಆಕೆಯ ಬಳಿಯೇ ಉಳಿಯುವ ಪುಸ್ತಕದಲ್ಲಿ ಅಂದೇ ಬರೆಯುವಿರಾ? ಖತೀಬರು ಜುಮುಅದ ಖುತ್ಬಾದಲ್ಲಿ ಈ ವಿಷಯವನ್ನು ಎತ್ತಲಿ. ಓದು ಬಲ್ಲ ಮಗಳು ತಾಯಿಗಾಗಿ ಇನ್ನೊಂದು ಪುಸ್ತಕ ಇಡಲಿ: ದಿನಾಂಕ, ಪಡೆದ ಎಲೆ, ಕೊಟ್ಟ ಕಟ್ಟು, ತೆಗೆದ ಕಟ್ಟು.

ಅಂದು ಪ್ರಶ್ನೆ ಕೇಳಿದ ಹುಡುಗಿಗೆ ನಾನು ಒಂದು ನೋಟುಪುಸ್ತಕ ಕೊಟ್ಟೆ. ಅದರ ಮೊದಲ ಪುಟದಲ್ಲಿ ಬಿಸ್ಮಿಲ್ಲಾಹ್ ಬರೆದು, ಆಕೆ ಲೆಕ್ಕ ಆರಂಭಿಸಿದ್ದಾಳೆ.