ಕರ್ನೆಲಿನ ಒಳಗೋ, ಹೊರಗೋ? ಚಾಲಕ ತಂತ್ರಾಂಶದ ಪಾಲನೆಯ ಪ್ರಶ್ನೆ

ಮುಕ್ತ ತಂತ್ರಾಂಶವನ್ನು ಕುರಿತ ಚರ್ಚೆಗಳಲ್ಲಿ ಸೋರ್ಸ್ ಕೋಡ್, ಅಂದರೆ ತಂತ್ರಾಂಶದ ಓದಬಲ್ಲ ಮೂಲಬರಹ, ಎಲ್ಲರಿಗೂ ಸಿಗುತ್ತದೆಯೇ ಎಂಬ ಪ್ರಶ್ನೆಗೆ ದೊರೆತಷ್ಟು ಗಮನ, ಆ ಬರಹವನ್ನು ಮುಂದೆ ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ದೊರೆತಿಲ್ಲ. ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದಂಥ ಊರಿನ ಶಾಲೆಗೋ ಗ್ರಂಥಾಲಯಕ್ಕೋ ಲಿನಕ್ಸ್ ಹಾಕಿದ ಗಣಕವನ್ನು ಒದಗಿಸುವಾಗ ಈ ಎರಡನೆಯ ಪ್ರಶ್ನೆಯೇ ಮುಖ್ಯವಾಗುತ್ತದೆ. ಏಕೆಂದರೆ ವೈಫೈ ಸಾಧನದಂಥ ಯಂತ್ರಾಂಶವನ್ನು ನಡೆಸುವ ಚಾಲಕ ತಂತ್ರಾಂಶವು ಕರ್ನೆಲಿನ ಮೂಲಬರಹಕ್ಕೆ ಸೇರಿದೆಯೋ ಇಲ್ಲವೋ ಎಂಬುದರ ಮೇಲೆ ಆ ಗಣಕ ಎಷ್ಟು ವರ್ಷ ಉಪಯೋಗಕ್ಕೆ ಬರುತ್ತದೆ ಎಂಬುದು ಬಹುಮಟ್ಟಿಗೆ ನಿಂತಿರುತ್ತದೆ.

ಕರ್ನೆಲ್ ಎಂಬುದು ಕಾರ್ಯಾಚರಣ ವ್ಯವಸ್ಥೆಯ ತಿರುಳು. ಸ್ಮೃತಿ, ಪ್ರೊಸೆಸರ್, ಡಿಸ್ಕ್, ಜಾಲಸಂಪರ್ಕಗಳನ್ನು ಉಳಿದ ತಂತ್ರಾಂಶಗಳಿಗೆ ಹಂಚಿಕೊಡುವುದು ಅದರ ಕೆಲಸ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನೆಲಿನಲ್ಲಿ ಇಂಥ ಕೆಲಸಗಳ ಒಂದು ಪಾಲನ್ನು ಮಾಡ್ಯೂಲುಗಳೆಂಬ ಬಿಡಿ ಕಡತಗಳಾಗಿ ಇರಿಸಿಕೊಂಡು, ಬೇಕಾದಾಗ ಸೇರಿಸಿ, ಬೇಡವಾದಾಗ ತೆಗೆಯಬಹುದು. ಕರ್ನೆಲಿನ ಮೂಲಬರಹದ ಜೊತೆಯಲ್ಲೇ ಬೆಳೆಯುವ ಮಾಡ್ಯೂಲು ಒಳಗಿನದು; ಯಂತ್ರಾಂಶದ ತಯಾರಕರೋ ಬೇರೆ ಯಾರೋ ಪ್ರತ್ಯೇಕವಾಗಿ ಬರೆದು ಹಂಚುವುದು ಹೊರಗಿನದು. ಹೊರಗಿನ ಮಾಡ್ಯೂಲನ್ನು ಕಟ್ಟಲು ಕರ್ನೆಲಿನ ಇಡೀ ಮೂಲಬರಹವೇನೂ ಬೇಕಿಲ್ಲ. ಉಬುಂಟು, ಡೆಬಿಯನ್ ಮೊದಲಾದ ವಿತರಣೆಗಳು ಹೆಡರ್ಸ್ ಎಂಬ ಹೆಸರಿನಲ್ಲಿ ಕೊಡುವ ಸಣ್ಣ ಕಟ್ಟು ಸಾಕು, ಆದರೆ ಅದು ಗಣಕದಲ್ಲಿ ಓಡುತ್ತಿರುವ ಕರ್ನೆಲಿಗೆ ಸರಿಯಾಗಿ ಹೊಂದುವಂತಿರಬೇಕು. ಕಟ್ಟಿದ ಪ್ರತಿಯೊಂದು ಮಾಡ್ಯೂಲಿನ ಒಳಗೆ ವರ್ಮ್ಯಾಜಿಕ್ ಎಂಬ ಗುರುತಿನ ಸಾಲೊಂದು ಅಚ್ಚಾಗುತ್ತದೆ. ಅದರಲ್ಲಿ 5.15.0-91-ಜೆನೆರಿಕ್ ಎಂಬಂಥ ಆವೃತ್ತಿಯ ಹೆಸರೂ ಕರ್ನೆಲನ್ನು ಕಟ್ಟಿದಾಗಿನ ಕೆಲವು ಆಯ್ಕೆಗಳೂ ಇರುತ್ತವೆ. ಈ ಸಾಲು ಹೊಂದದಿದ್ದರೆ ಕರ್ನೆಲ್ ಆ ಮಾಡ್ಯೂಲನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಬಳಕೆದಾರರಿಗೆ ಇದು ಕಿರಿಕಿರಿಯಾಗಿ ತೋರಿದರೂ, ಬೇರೆ ಕರ್ನೆಲಿಗಾಗಿ ಕಟ್ಟಿದ ಕೋಡು ಸ್ಮೃತಿಯನ್ನು ಕೆಡಿಸಿ ಇಡೀ ಗಣಕವನ್ನೇ ನಿಲ್ಲಿಸುವ ಅಪಾಯವನ್ನು ತಪ್ಪಿಸುವುದು ಈ ಬಿಗಿತವೇ.

ಹೊರಗಿನ ಮಾಡ್ಯೂಲುಗಳ ನಿಜವಾದ ಕಷ್ಟ ಇದಕ್ಕಿಂತ ಆಳದಲ್ಲಿದೆ. ಬಳಕೆದಾರರ ತಂತ್ರಾಂಶಗಳು ಕರೆಯುವ ಹೊರಗಿನ ಕರೆಗಳನ್ನು ಕೆಡಿಸಬಾರದೆಂಬ ಕಟ್ಟುನಿಟ್ಟನ್ನು ಲಿನಕ್ಸ್ ಪಾಲಿಸುತ್ತದೆ. ಕರ್ನೆಲಿನ ಭಾಗಗಳು ತಮ್ಮತಮ್ಮಲ್ಲಿ ಬಳಸುವ ಒಳಗಿನ ಕರೆಗಳ ವಿಷಯದಲ್ಲಿ ಅಂಥ ಭರವಸೆ ಇಲ್ಲ. 2018ರ ಜನವರಿಯಲ್ಲಿ ಬಂದ 4.15ನೆಯ ಆವೃತ್ತಿ ಇದಕ್ಕೆ ಒಳ್ಳೆಯ ನಿದರ್ಶನ. ನಿಗದಿತ ಕಾಲ ಕಳೆದ ಮೇಲೆ ಒಂದು ಕೆಲಸವನ್ನು ಮಾಡಿಸುವ ಟೈಮರ್ ವ್ಯವಸ್ಥೆಯ ಹಳೆಯ ವಿನ್ಯಾಸದಲ್ಲಿ, ಯಾವ ಕೆಲಸವನ್ನು ಮಾಡಬೇಕು ಎಂಬ ವಿಳಾಸವೂ ಅದಕ್ಕೆ ಕೊಡಬೇಕಾದ ಮಾಹಿತಿಯೂ ಅಕ್ಕಪಕ್ಕದಲ್ಲೇ ಇದ್ದುದರಿಂದ, ದಾಳಿಕೋರರು ಎರಡನ್ನೂ ಒಟ್ಟಿಗೆ ತಿದ್ದಿಬಿಡುವ ಅವಕಾಶವಿತ್ತು. ಹಾಗಾಗಿ ಹಳೆಯ ಕರೆಗಳನ್ನು ತೆಗೆದು ಟೈಮರ್ ಸೆಟಪ್ ಎಂಬ ಹೊಸ ಕರೆಯನ್ನು ತರಲಾಯಿತು. ಕರ್ನೆಲಿನ ಒಳಗಿದ್ದ ಚಾಲಕ ತಂತ್ರಾಂಶಗಳಲ್ಲಿ ಹಳೆಯ ಕರೆಗಳು ಎಲ್ಲೆಲ್ಲಿ ಇದ್ದವೋ ಅಲ್ಲೆಲ್ಲ ಬದಲಾವಣೆ ಮಾಡಿದವರೇ ತಿದ್ದಿಕೊಟ್ಟರು. ಹೊರಗೆ ಉಳಿದವು ಹೊಸ ಕರ್ನೆಲಿನಲ್ಲಿ ಕಂಪೈಲ್ ಆಗದೆ, ಅಂದರೆ ಗಣಕ ನಡೆಸಬಲ್ಲ ರೂಪಕ್ಕೆ ಬರದೆ, ನಿಂತವು. ಬದಲಾವಣೆ ತರುವವರೇ ಅದರ ಪರಿಣಾಮವನ್ನೂ ಸರಿಪಡಿಸಬೇಕೆಂಬ ಈ ಕ್ರಮ ನ್ಯಾಯವಾದದ್ದು, ಆದರೆ ಅದರ ಫಲ ಸಿಗುವುದು ಒಳಗಿದ್ದವರಿಗೆ ಮಾತ್ರ.

ಕರ್ನೆಲ್ ಬದಲಾದಾಗಲೆಲ್ಲ ಹೊರಗಿನ ಮಾಡ್ಯೂಲನ್ನು ತಾನಾಗಿಯೇ ಮತ್ತೆ ಕಟ್ಟುವ, ಡೆಲ್ ಕಂಪನಿಯಲ್ಲಿ ಹುಟ್ಟಿದ ಡಿಕೆಎಂಎಸ್ ಎಂಬ ಸಾಧನ ಒಂದು ಮಟ್ಟದ ಪರಿಹಾರ. ಆದರೆ ಅದು ಹಳೆಯ ಬರಹವನ್ನು ಮತ್ತೆ ಕಂಪೈಲ್ ಮಾಡಬಲ್ಲದೇ ಹೊರತು ತಿದ್ದಲಾರದು. ಕೆಟ್ಟದ್ದು ವೈಫೈ ಮಾಡ್ಯೂಲೇ ಆಗಿದ್ದರೆ, ತಿದ್ದಿದ ಬರಹವನ್ನು ತರಿಸಿಕೊಳ್ಳಲು ಬೇಕಾದ ಅಂತರ್ಜಾಲವೇ ಕೈತಪ್ಪಿರುತ್ತದೆ. ಬೆಂಗಳೂರಿನಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುವ ಈ ತೊಂದರೆ, ತಿಳಿದವರೊಬ್ಬರು ಹೊಸದುರ್ಗದಿಂದಲೋ ಚಿತ್ರದುರ್ಗದಿಂದಲೋ ಬರುವವರೆಗೆ ಹಳ್ಳಿಯ ಗಣಕವನ್ನು ಮೂಲೆಗೆ ತಳ್ಳಬಲ್ಲದು.

ಕರ್ನಾಟಕದ ಮಟ್ಟಿಗೆ ಈ ಪ್ರಶ್ನೆಯನ್ನು ಸಿಂಪ್ಯೂಟರಿನ ಹಿನ್ನೆಲೆಯಲ್ಲಿ ನೋಡುವುದು ಉಚಿತ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೂ ಕೂಡಿ ಬೆಂಗಳೂರಿನಲ್ಲಿ ರೂಪಿಸಿದ ಈ ಅಂಗೈಗಣಕ ಲಿನಕ್ಸಿನಿಂದ ನಡೆಯುತ್ತಿತ್ತು. ಅದರ ಯಂತ್ರಾಂಶದ ವಿನ್ಯಾಸಕ್ಕೂ ಮುಕ್ತ ಪರವಾನಗಿಯೊಂದನ್ನು ರಚಿಸಿದ್ದು ಆ ಕಾಲಕ್ಕೆ ಅಪರೂಪದ ಧೈರ್ಯ. 2004ರಲ್ಲಿ ಅಮಿಡಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದರೂ ಅದು ನಿರೀಕ್ಷಿಸಿದಷ್ಟು ಹರಡಲಿಲ್ಲ. ಅದು ಬಳಸಿದ, ಆರ್ಮ್ ಕುಟುಂಬದ ಸ್ಟ್ರಾಂಗ್‌ಆರ್ಮ್ ಪ್ರೊಸೆಸರಿಗೆ ಬೇಕಾದ ಬದಲಾವಣೆಗಳನ್ನು ಆಗ ಆರ್ಮ್ ಲಿನಕ್ಸಿನ ಪಾಲಕ ರಸೆಲ್ ಕಿಂಗ್ ಕರ್ನೆಲಿನ ಹೊರಗೆ ಪ್ರತ್ಯೇಕ ಪ್ಯಾಚುಗಳಾಗಿ, ಅಂದರೆ ತಿದ್ದುಪಡಿಗಳ ಕಡತಗಳಾಗಿ, ಹೊರತರುತ್ತಿದ್ದರು. ಆರ್ಮ್ ಮೇಲೆ ಲಿನಕ್ಸ್ ನಡೆಸುವವರು ಮುಖ್ಯ ಬರಹದ ಮೇಲೆ ಅವುಗಳನ್ನೂ, ಅವುಗಳ ಮೇಲೆ ತಮ್ಮ ಸಾಧನದ ಬದಲಾವಣೆಗಳನ್ನೂ ಹೇರಿಕೊಂಡು ಹೋಗಬೇಕಿತ್ತು. ಸಿಂಪ್ಯೂಟರ್ ಯೋಜನೆಯಿಂದ ಇಂದಿಗೂ ಗುರುತಿಸಬಹುದಾದ ಕೋಡು ಎಂದರೆ, ರಮೇಶ್ ಹರಿಹರನ್ ಆರಂಭಿಸಿದ, ಪಠ್ಯವನ್ನು ಓದಿ ಹೇಳುವ ಧ್ವನಿ ಎಂಬ ತಂತ್ರಾಂಶ. ಅದನ್ನು ಮುಂದೆ ಸಂತೋಷ್ ತೋಟ್ಟಿಂಗಲ್ ಕೈಗೆತ್ತಿಕೊಂಡು ಕನ್ನಡವೂ ಸೇರಿದಂತೆ ಹಲವು ಭಾಷೆಗಳಿಗೆ ಬೆಳೆಸಿದರು. ಪರವಾನಗಿ ಅದಕ್ಕೆ ಅವಕಾಶ ಕೊಟ್ಟಿತು, ಆದರೆ ಅದು ಉಳಿದದ್ದು ಇನ್ನೊಬ್ಬರು ಪಾಲನೆಗೆ ನಿಂತದ್ದರಿಂದ.

ಹೊರಗಿನ ಮಾಡ್ಯೂಲುಗಳೇ ಬೇಡವೆನ್ನುವುದು ಸರಿಯಲ್ಲ. ಸುರಕ್ಷಿತ ಜಾಲಸಂಪರ್ಕಕ್ಕಾಗಿ ಜೇಸನ್ ಡೊನೆನ್‌ಫೆಲ್ಡ್ ರೂಪಿಸಿದ ವೈರ್‌ಗಾರ್ಡ್ ಹಲವು ವರ್ಷ ಹೊರಗೇ ಇದ್ದು, ಬಳಕೆಯಲ್ಲಿ ಪಳಗಿ, 2020ರಲ್ಲಿ 5.6ನೆಯ ಆವೃತ್ತಿಯೊಂದಿಗೆ ಒಳಗೆ ಬಂತು. ಝಡ್‌ಎಫ್‌ಎಸ್ ಕಡತ ವ್ಯವಸ್ಥೆ ಗುಣದಲ್ಲಿ ಕಡಿಮೆಯದಲ್ಲದಿದ್ದರೂ ಅದರ ಪರವಾನಗಿ ಕರ್ನೆಲಿನ ಪರವಾನಗಿಯೊಂದಿಗೆ ಹೊಂದದೆಂಬ ಕಾರಣಕ್ಕೆ ಹೊರಗುಳಿದಿದೆ. ಇವು ಹೊರಗಿರಲು ಕಾರಣಗಳಿದ್ದವು, ಪಾಲಕರೂ ಇದ್ದರು. ಸಾಧನವನ್ನು ಮಾರಿ, ಅಂದಿನ ಕರ್ನೆಲಿಗೆ ಮಾತ್ರ ಹೊಂದುವ ಕೋಡನ್ನು ಒಮ್ಮೆ ಹೊರಹಾಕಿ ಕೈತೊಳೆದುಕೊಳ್ಳುವ ರೂಢಿಯ ಮಾತೇ ಬೇರೆ.

ಕರ್ನೆಲಿಗೆ ಅನ್ವಯಿಸುವ ಜಿಪಿಎಲ್ ಪರವಾನಗಿಯ ಎರಡನೆಯ ಆವೃತ್ತಿ, ಪೂರ್ಣ ಮೂಲಬರಹವೆಂದರೆ ಅದರಲ್ಲಿರುವ ಎಲ್ಲ ಮಾಡ್ಯೂಲುಗಳ ಬರಹವಷ್ಟೇ ಅಲ್ಲ, ಕಂಪೈಲ್ ಮಾಡುವುದನ್ನೂ ಸ್ಥಾಪಿಸುವುದನ್ನೂ ನಿಯಂತ್ರಿಸುವ ಸ್ಕ್ರಿಪ್ಟುಗಳೂ ಸೇರಿದಂತೆ ಎಂದು ಸ್ಪಷ್ಟವಾಗಿ ಹೇಳುತ್ತದೆ. ಶಾಲೆ, ಗ್ರಂಥಾಲಯ, ಪಂಚಾಯಿತಿಗಳಿಗಾಗಿ ಗಣಕ ಕೊಳ್ಳುವವರು ಇಷ್ಟಕ್ಕೆ ತೃಪ್ತರಾಗದೆ, ಸಾಧನವು ವಿತರಣೆಯ ಸ್ವಂತ ಕರ್ನೆಲಿನಲ್ಲಿ ಹೊರಗಿನ ಮಾಡ್ಯೂಲಿನ ನೆರವಿಲ್ಲದೆ ನಡೆಯಬೇಕೆಂಬ ಷರತ್ತನ್ನು ಟೆಂಡರಿನಲ್ಲೇ ಬರೆಯಬೇಕು. ಅನಿವಾರ್ಯವಾಗಿ ಹೊರಗಿನದನ್ನು ಒಪ್ಪಿಕೊಂಡಲ್ಲಿ, ಅದರ ಬರಹ, ಹೊಂದುವ ಹೆಡರ್ಸ್ ಕಟ್ಟು, ಕಟ್ಟುವ ವಿಧಾನದ ಟಿಪ್ಪಣಿ ಈ ಮೂರೂ ಗಣಕದಲ್ಲೇ ಉಳಿದಿರಬೇಕು, ಗಣಕ ಬಳಕೆಯಲ್ಲಿರುವಷ್ಟು ವರ್ಷವೂ ಹೊಸ ಕರ್ನೆಲಿಗೆ ಅದನ್ನು ತಿದ್ದಿಕೊಡುವ ಹೊಣೆಯನ್ನು ಮಾರಾಟಗಾರರು ಲಿಖಿತವಾಗಿ ಒಪ್ಪಿರಬೇಕು.