ಹಸಿರು ಸೇವಾ ನಿಯಮಕ್ಕೂ ಬರಲಿ

ಪ್ರತಿ ವರ್ಷ ಜೂನ್ 5ರ ಪರಿಸರ ದಿನದಂದು ಸರ್ಕಾರಿ ಕಚೇರಿಗಳ ಆವರಣದಲ್ಲಿ ಸಸಿ ನೆಡುತ್ತಾರೆ. ಮರುದಿನದಿಂದ ಅದಕ್ಕೆ ನೀರು ಹಾಕುವುದು ಯಾರ ಕೆಲಸ ಎಂದು ಕೇಳಿದರೆ ಬಹುತೇಕ ಕಡೆ ಉತ್ತರವಿಲ್ಲ. ಪರಿಸರದ ವಿಷಯದಲ್ಲಿ ನಮ್ಮ ಆಡಳಿತದ ಮುಖ್ಯ ಕೊರತೆ ಇದು: ಸುತ್ತೋಲೆಗಳಿವೆ, ಹೊಣೆ ಯಾರ ಹೆಸರಿನಲ್ಲೂ ಇಲ್ಲ.

ಕರ್ನಾಟಕದಲ್ಲಿ ಹಲವು ಬಗೆಯ ಏಕಬಳಕೆ ಪ್ಲಾಸ್ಟಿಕ್ ನಿಷೇಧವಾದದ್ದು 2016ರಲ್ಲಿ. ಆದರೂ ಸರ್ಕಾರಿ ಸಭೆಗಳಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿ ಬೇಡವೆಂದು 2025ರಲ್ಲಿ ಮುಖ್ಯಮಂತ್ರಿಯೇ ಸೂಚಿಸಬೇಕಾಯಿತು. ಆದೇಶ ಪಾಲಿಸಿದವರಿಗೆ ಮೆಚ್ಚುಗೆಯಿಲ್ಲ, ಕಡೆಗಣಿಸಿದವರನ್ನು ಕೇಳುವವರಿಲ್ಲ ಎಂದಾದರೆ ಹೀಗೇ ಆಗುತ್ತದೆ. ನೌಕರರ ನಡೆಯನ್ನು ರೂಪಿಸುವುದು ತರಬೇತಿ, ವರ್ಗಾವಣೆ, ವಾರ್ಷಿಕ ಕಾರ್ಯನಿರ್ವಹಣಾ ವರದಿ, ಬಡ್ತಿ. ಪರಿಸರ ಕಾಳಜಿ ಸೇರಬೇಕಾದ ಜಾಗವೂ ಅದೇ.

ಮೊದಲು ಕಾರ್ಯನಿರ್ವಹಣಾ ವರದಿಯನ್ನೇ ತೆಗೆದುಕೊಳ್ಳೋಣ. ಕಚೇರಿ ಮುಖ್ಯಸ್ಥರ ವರದಿಯಲ್ಲಿ ವಿದ್ಯುತ್, ಕಾಗದ, ನೀರು, ಕಸ ವಿಂಗಡಣೆ ಈ ನಾಲ್ಕಕ್ಕೆ ಒಂದು ಕಲಂ ಇರಲಿ. ಅದೇ ಕಚೇರಿಯ ಹಿಂದಿನ ವರ್ಷದ ಬಳಕೆಯೊಂದಿಗೆ ಹೋಲಿಸಿದರೆ ಸಾಕು. ‘ಹುದ್ದೆಗಳು ಖಾಲಿ ಇವೆ, ಇನ್ನೊಂದು ವಹಿ ಬರೆಯುವುದು ಹೇಗೆ?’ ಎಂದು ನೌಕರರು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದು. ಹೊಸ ವಹಿ ಬೇಕಿಲ್ಲ. ವಿದ್ಯುತ್ ಬಿಲ್ಲು, ಲೇಖನ ಸಾಮಗ್ರಿಯ ಬೇಡಿಕೆ ಪಟ್ಟಿ, ನೀರಿನ ಬಿಲ್ಲು ಎಲ್ಲವೂ ಈಗಾಗಲೇ ಕಚೇರಿಯಲ್ಲಿವೆ.

ಕಾಗದದ ವಿಷಯದಲ್ಲಿ ತಂತ್ರಾಂಶದ ಕೊರತೆಯೂ ಇಲ್ಲ. ಸಂಬಳದ ಬಿಲ್ಲು ಎಚ್‌ಆರ್‌ಎಂಎಸ್‌ಗೆ, ಕಡತ ಇ-ಆಫೀಸ್‌ಗೆ ಬಂದಿವೆ. ಇ-ಮೇಲ್‌ನಲ್ಲಿ ಕಳಿಸಿದ ಮಾಹಿತಿಯನ್ನೇ ‘ಹಾರ್ಡ್ ಕಾಪಿ’ಯಲ್ಲೂ ಕೇಳುವ ರೂಢಿ ಮಾತ್ರ ಹೋಗಿಲ್ಲ. ಮೇಲಧಿಕಾರಿಗಳು ಅದನ್ನು ಕೇಳುವುದು ಬಿಟ್ಟರೆ ಕೆಳಗಿನವರು ಮುದ್ರಿಸುವುದನ್ನು ಬಿಡುತ್ತಾರೆ.

ಹೆಚ್ಚು ಫಲ ಕೊಡಬಲ್ಲದ್ದು ವರ್ಗಾವಣೆ ಎಂಬುದು ನನ್ನ ನಂಬಿಕೆ. ಒಂದು ತಾಲ್ಲೂಕಿನಲ್ಲಿ ಮನೆ, ಇನ್ನೊಂದರಲ್ಲಿ ಕೆಲಸ ಎಂದು ದಿನವೂ ಬೈಕು, ಕಾರು ಓಡಿಸುವ ನೌಕರರು ಎಲ್ಲ ಇಲಾಖೆಗಳಲ್ಲೂ ಇದ್ದಾರೆ. ಪತಿ–ಪತ್ನಿ ಇಬ್ಬರೂ ನೌಕರರಾಗಿರುವ ಪ್ರಕರಣ, ಅನಾರೋಗ್ಯಗಳನ್ನು ಪರಿಗಣಿಸುವ ವ್ಯವಸ್ಥೆ ಮನೆಯಿಂದ ಕಚೇರಿಗಿರುವ ದೂರವನ್ನೂ ಪರಿಗಣಿಸಲಿ. ಅದು ಆಗದ ಕಡೆ ತಾಲ್ಲೂಕು ಕೇಂದ್ರದ ವಸತಿಗೃಹಗಳನ್ನು ವಾಸಕ್ಕೆ ಯೋಗ್ಯವಾಗಿಸಲಿ. ಇಂಧನ ಉಳಿಯುತ್ತದೆ, ಸಂಜೆ ಐದೂವರೆಗೆ ಮನೆಗೆ ಹೊರಡುವ ಅವಸರ ತಪ್ಪಿ ಜನರಿಗೂ ಅಧಿಕಾರಿ ಸಿಗುತ್ತಾರೆ.

ತರಬೇತಿ, ಸಭೆಗಳಿಗಾಗಿ ಓಡಾಟ ತಪ್ಪಿಸಲು ನಮಗೆ ನಮ್ಮದೇ ಮಾದರಿಯಿದೆ. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆ ಎರಡು ದಶಕಗಳ ಹಿಂದೆಯೇ ಉಪಗ್ರಹದ ಮೂಲಕ ತಾಲ್ಲೂಕುಗಳಲ್ಲೇ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಟ್ಟಿತು. ಒಂದು ಗಂಟೆಯ ಸಭೆಗೆ ಬೀದರ್‌ನಿಂದ ಬೆಂಗಳೂರಿಗೆ ನೌಕರರನ್ನು ಕರೆಸುವ ಮುನ್ನ ಇದನ್ನು ನೆನೆಯಬೇಕು.

ಒಂದು ಎಚ್ಚರವೂ ಬೇಕು. ಹಸಿರು ಕಚೇರಿಯ ಹೊರೆ ‘ಡಿ’ ಗುಂಪಿನ ನೌಕರರ ಮೇಲೆ, ಹೊರಗುತ್ತಿಗೆಯ ಸ್ವಚ್ಛತಾ ಸಿಬ್ಬಂದಿಯ ಮೇಲೆ ಮಾತ್ರ ಬೀಳಬಾರದು. ಕಸ ವಿಂಗಡಿಸುವ ಕೈಗೆ ಗವಸು, ಸಮಯಕ್ಕೆ ಸರಿಯಾದ ಕೂಲಿ, ಆರೋಗ್ಯ ತಪಾಸಣೆ ಕೊಡದ ಕಚೇರಿಯನ್ನು ಪರಿಸರಸ್ನೇಹಿ ಎನ್ನಲಾಗದು.

ಸಿಬ್ಬಂದಿ ಮತ್ತು ಆಡಳಿತ ಸುಧಾರಣಾ ಇಲಾಖೆ ಇದನ್ನು ವಿಧಾನಸೌಧದಿಂದಲೇ ಆರಂಭಿಸಲಿ. ಕಾರ್ಯದರ್ಶಿಗಳ ವರದಿಯಲ್ಲಿ ಮೊದಲು ಈ ಕಲಂ ಬಂದರೆ, ತಹಶೀಲ್ದಾರ್ ಕಚೇರಿಯನ್ನು ಇದೇ ಪ್ರಶ್ನೆ ಕೇಳುವ ನೈತಿಕ ಹಕ್ಕು ಅವರಿಗೆ ಬರುತ್ತದೆ.